ಅತ್ತೆಯನ್ನು ಅದಲು ಬದಲು ಮಾಡಿಕೊಂಡ ಬಗ್ಗೆ ಅನುದಾನದವರಿಗೆ ವಿವರಣೆ

ಇವರಿಗೆ:
ಮಾನ್ಯ ಅನುದಾನದವರು,
ಸಮುದಾಯ ಆಧಾರಿತ ದೀರ್ಘಾವಧಿ ಆರೈಕೆ ಸೇವೆಗಳ ವಿಭಾಗ,
ಮೂರನೆಯ ಮಹಡಿ (ಲಿಫ್ಟ್ ಇಲ್ಲದ ಕಡೆ).

ಇವರಿಂದ:
ಬೀದಿ ಆರೈಕೆ ಕೂಟದ ಕಾರ್ಯದರ್ಶಿ,
ಅಂದರೆ ಗಾರೆ ಕೆಲಸದವರ ಹೆಂಡತಿ, ಅಂದರೆ ಹಾಸಿಗೆ ಹಿಡಿದ ಅತ್ತೆಯ ಸೊಸೆ.

ವಿಷಯ: ತಾವು ಬಾರದೆ ಇರುವ ಬಗ್ಗೆ, ಹಾಗೂ ಅತ್ತೆಯನ್ನು ಪಕ್ಕದ ಮನೆಗೆ ಕೊಟ್ಟು, ಆ ಮನೆಯ ಹಿರಿಯರನ್ನು ತಂದುಕೊಂಡ ಬಗ್ಗೆ.

ಉಲ್ಲೇಖ: ತಮ್ಮ ಕಚೇರಿಯಿಂದ ಬಂದಿರುವ 'ಕಾರಣ ತಿಳಿಸಿ' ಎಂಬ ನೋಟೀಸು.

ಮಾನ್ಯರೇ,

ತಾವು ಯಾವ ಕಪಾಟಿನಲ್ಲಿದ್ದೀರೋ, ಯಾವ ಕಡತದ ಮಡಿಲಲ್ಲಿ ಕಣ್ಣು ಮುಚ್ಚಿದ್ದೀರೋ ನನಗೆ ಗೊತ್ತಿಲ್ಲ. ಎಲ್ಲಿದ್ದರೂ ಅಲ್ಲಿಗೆ ನನ್ನ ಮತ್ತು ನಮ್ಮ ಬೀದಿಯವರೆಲ್ಲರ ನಮಸ್ಕಾರ ಮುಟ್ಟಲಿ, ತಮ್ಮ ಆರೋಗ್ಯ ಚೆನ್ನಾಗಿರಲಿ, ತಮಗೆ ದೂಳು ತಾಗದಿರಲಿ ಎಂದು ದೇವರಲ್ಲಿ ಬೇಡುತ್ತೇನೆ. ಇವತ್ತು ನನ್ನ ಉಪವಾಸದ ದಿನ. ನೀರು ಬಿಟ್ಟು ಬೇರೇನನ್ನೂ ಬಾಯೊಳಗೆ ಬಿಡುವುದಿಲ್ಲ, ಸುಳ್ಳನ್ನು ಬಾಯಿಂದ ಹೊರಗೆ ಬಿಡುವುದಿಲ್ಲ. ಆದ್ದರಿಂದ ಈ ಪತ್ರಕ್ಕೆ ಇದೇ ಒಳ್ಳೆಯ ದಿನ ಎಂದುಕೊಂಡೆ. ಬೆಳಿಗ್ಗೆ ಎದ್ದು ಬಾಗಿಲು ಗುಡಿಸಿ, ಕೊಡ ತುಂಬಿಸಿ, ದೇವರ ಮುಂದೆ ದೀಪ ಹಚ್ಚಿ, ಅತ್ತೆಯ ತಲೆ ಬಾಚಿ (ತಲೆ ಮಾತ್ರ, ಅವರ ಕಾಲಿನ ಸಂಗತಿ ಮುಂದೆ ಬರುತ್ತದೆ), ಪಕ್ಕದ ಮನೆಯ ಕಂಡಕ್ಟರ್ ಮಾವನಿಗೆ ಗಡ್ಡ ಬೋಳಿಸಿ, ಇಬ್ಬರಿಗೂ ಗಂಜಿ ಕುಡಿಸಿ, ಹಾಸಿಗೆಬಟ್ಟೆಗಳನ್ನು ಒಗೆದು ಹಗ್ಗದ ಮೇಲೆ ಹರವಿ, ಈಗ ಕೈ ಒರೆಸಿಕೊಂಡು ಕೂತಿದ್ದೇನೆ. ಪತ್ರ ಬರೆಯುವಾಗ ಮೊದಲು ಕ್ಷೇಮ ಕೇಳಬೇಕು, ಆಮೇಲೆ ವಿಷಯಕ್ಕೆ ಬರಬೇಕು, ಕೊನೆಯವರೆಗೂ ಸಿಟ್ಟು ತೋರಿಸಬಾರದು ಎಂದು ಹಳ್ಳಿಯ ಶಾಲೆಯಲ್ಲಿ ನಮ್ಮ ಮೇಷ್ಟ್ರು ಹೇಳಿಕೊಟ್ಟಿದ್ದರು. ಅದರಲ್ಲಿ ಮೊದಲ ಎರಡನ್ನು ಖಂಡಿತ ಪಾಲಿಸುತ್ತೇನೆ.

ಅಧಿಕಾರಿಗಳಿಗೆ ಬರೆಯುವುದು ಬಿಟ್ಟು ನೇರವಾಗಿ ಅನುದಾನವಾದ ತಮಗೇ ಯಾಕೆ ಬರೆದೆ ಎಂದು ತಾವು ಕೇಳಬಹುದು. ತಮ್ಮ ಕಚೇರಿಯಲ್ಲಿ ಯಾರನ್ನು ಮಾತಾಡಿಸಿದರೂ ಅವರು ತಮ್ಮ ಬಗ್ಗೆ, ಊರೂರು ತಿರುಗುವ ಮನೆಯ ಹಿರಿಯರೊಬ್ಬರ ಬಗ್ಗೆ ಮಾತಾಡಿದ ಹಾಗೆ ಮಾತಾಡುತ್ತಾರೆ. ಕೆಳಗಿನ ಮಹಡಿಯವರು "ಅನುದಾನ ಇನ್ನೂ ಬಂದಿಲ್ಲಮ್ಮ" ಅಂದರು. ಅದರ ಮೇಲಿನವರು "ಹೊರಟಿದೆ, ದಾರೀಲಿದೆ" ಅಂದರು. ಅದಕ್ಕೂ ಮೇಲಿನವರು ಕನ್ನಡಕ ತೆಗೆದು ಒರೆಸಿಕೊಳ್ಳುತ್ತಾ "ಬಂದಿತ್ತು, ತಿರುಗಿ ಹೋಯ್ತು" ಅಂದರು. ನಮ್ಮ ಕೈಲಿ ಏನಿದೆ ಹೇಳಿ, ಎಲ್ಲಾ ಅನುದಾನದ ಮೇಲೇ ನಿಂತಿದೆ ಎಂದು ಮೂವರೂ ಒಂದೇ ಧಾಟಿಯಲ್ಲಿ ಹೇಳಿದ ಮೇಲೆ, ಇಷ್ಟು ದೊಡ್ಡ ಕಚೇರಿಯನ್ನು ತಲೆಯ ಮೇಲೆ ಹೊತ್ತು ನಿಂತಿರುವವರು ತಾವೊಬ್ಬರೇ ಎಂದು ಗೊತ್ತಾಯಿತು. ಹೊರುವವರ ಕಷ್ಟ ನನಗೆ ತಿಳಿಯುತ್ತದೆ. ಹಾಗಾಗಿ ಮಧ್ಯದವರಿಗೆ ತೊಂದರೆ ಕೊಡದೆ ತಮ್ಮ ಹತ್ತಿರವೇ ಹೇಳಿಕೊಳ್ಳೋಣ ಎಂದು ಕೂತೆ. ಇದರ ಒಂದು ಪ್ರತಿಯನ್ನು ಪಕ್ಕದ ಮನೆಯ ಹೊಲಿಗೆ ಅಂಗಡಿಯ ಬಾಗಿಲಿಗೆ ಅಂಟಿಸಿದ್ದೇನೆ, ಇನ್ನೊಂದನ್ನು ಪತ್ರಿಕೆಗೆ ಕಳಿಸಿದ್ದೇನೆ. ತಾವು ಓದಲು ಬಿಡುವಾಗದಿದ್ದರೆ ಬೇರೆಯವರಾದರೂ ಓದಲಿ.

ತಾವು ಒಮ್ಮೆ ನಮ್ಮ ಬೀದಿಗೆ ಬಂದವರೇ. ಅದನ್ನು ಮರೆತರೆ ದೇವರು ಮೆಚ್ಚುವುದಿಲ್ಲ. ನಮ್ಮ ಬೀದಿಯಲ್ಲಿ ಮನೆಗೊಬ್ಬರು ವಯಸ್ಸಾದವರು, ಎಲ್ಲರಿಗೂ ಒಂದೊಂದು ಥರದ ಕಾಯಿಲೆ. ಅವರನ್ನು ದೂರದ ಆಸ್ಪತ್ರೆಯ ವಾರ್ಡಿಗೆ ಹಾಕದೆ ಇಲ್ಲೇ ಒಬ್ಬರಿಗೊಬ್ಬರು ಕೈಜೋಡಿಸಿ ನೋಡಿಕೊಳ್ಳೋಣ ಎಂದು ನಾವು ಹೆಂಗಸರು ಕೂಟ ಕಟ್ಟಿಕೊಂಡಾಗ, ತಾವು ಮೊದಲ ಕಂತಿನ ರೂಪದಲ್ಲಿ ದಯಮಾಡಿಸಿದಿರಿ. ಬಂದವರು ಸುಮ್ಮನೆ ಬರಲಿಲ್ಲ, ಆರೈಕೆ ಕೆಲಸ ಕಲಿತ ಒಬ್ಬ ಹೆಣ್ಣುಮಗಳನ್ನು ಜೊತೆಗೇ ಕರೆತಂದಿರಿ. ನಮ್ಮ ಅತ್ತೆಗೆ ಪಾರ್ಶ್ವವಾಯು ಹೊಡೆದು ಎಡಭಾಗ ಬಿದ್ದುಹೋಗಿತ್ತು; ಉಳಿದದ್ದು ಬಲಗೈ ಮತ್ತು ಬಾಯಿ. ನಾನೂ ನನ್ನ ಯಜಮಾನರೂ ಅವರನ್ನು ಗೋಧಿಮೂಟೆ ಎತ್ತುವ ಹಾಗೆ ಎತ್ತಿ ಇಳಿಸುತ್ತಿದ್ದೆವು. ಆ ಹುಡುಗಿ ಬಂದವಳೇ ತನ್ನ ಮೊಣಕಾಲನ್ನು ಅತ್ತೆಯ ಮೊಣಕಾಲಿಗೆ ಆನಿಸಿ, ಸೊಂಟಕ್ಕೆ ಪಟ್ಟಿ ಕಟ್ಟಿ, "ಮೂಗು ಮುಂದೆ, ಸೊಂಟ ಮೇಲೆ, ಏಳಿ ಅಮ್ಮಾ" ಎಂದು ಎಬ್ಬಿಸಿದಳು. ಅತ್ತೆ ಎದ್ದರು. ಅವತ್ತೇ ಅವಳಿಗೆ ಪೈಲ್ವಾನಮ್ಮ ಎಂದು ಹೆಸರಿಟ್ಟರು. ಈಗ ದಿನಾ ಬೆಳಿಗ್ಗೆ ಅವಳ ತೋಳಿನ ಆಸರೆಯಲ್ಲಿ ಕಿಟಕಿಯ ಸರಳು ಹಿಡಿದು, ಕಾಲು ನಡುಗುವವರೆಗೆ ನಿಂತು, ಬೀದಿಯನ್ನು ನೋಡುತ್ತಾರೆ. ನೋಡುವುದೇನು, ಆಳುತ್ತಾರೆ. ಯಾರ ಚಪ್ಪಲಿ ಕಿತ್ತಿದೆ, ಯಾರ ಮನೆಯ ಹಾಲು ತಡವಾಗಿದೆ, ಯಾವ ಮಗು ಮುಖ ತೊಳೆದಿಲ್ಲ ಎಂದು ಅಲ್ಲಿಂದಲೇ ಅಪ್ಪಣೆಗಳು ಹೊರಡುತ್ತವೆ. ಬಿದ್ದ ಮರದ ಹಾಗೆ ಮಲಗಿದ್ದವರು ಹೀಗೆ ನಿಂತು ಬೈಯುವುದನ್ನು ನೋಡಿದಾಗ ನಾನು ದೇವರಿಗೆ ಕೈ ಮುಗಿದೆ, ತಮಗೂ ಮುಗಿದೆ.

ಆಮೇಲೆ ತಾವು ಹೋದಿರಿ. ಎರಡನೆಯ ಕಂತಿಗೆ ಬರುತ್ತೇನೆ ಎಂದು ಹೇಳಿ, ಬರುವ ಮುಂಚೆ ಒಂದು ನಮೂನೆ ಕಳಿಸಿದಿರಿ.

ಆ ನಮೂನೆಯ ಸೊಗಸನ್ನು ಎಷ್ಟು ಹೊಗಳಿದರೂ ಸಾಲದು. ದೀರ್ಘಾವಧಿ ಆರೈಕೆ ಎಂದು ಮೇಲೆ ದಪ್ಪಗೆ ಬರೆದು, ಅದರ ಕೆಳಗೇ "ಈ ಸೇವೆಯ ಅಗತ್ಯವು ಎಂದು ಮುಗಿಯಲಿದೆ? ದಿನಾಂಕ ನಮೂದಿಸಿ" ಎಂದು ಕೇಳಿದ್ದಿರಿ. ನಾನು ಅದನ್ನು ಅತ್ತೆಗೆ ಓದಿ ಹೇಳಿದೆ. ಅತ್ತೆ, "ದೇವರನ್ನ ಕೇಳಿ ಹೇಳ್ತೀನಿ ಅಂತ ಬರಿಯೇ. ಅವರಿಗೆ ಅಷ್ಟು ಅವಸರ ಇದ್ರೆ ಅವರೇ ಒಂದು ದಿನ ಗೊತ್ತುಮಾಡ್ಲಿ, ನಾನು ಹೊಸ ಬಟ್ಟೆ ಉಟ್ಕೊಂಡು ರೆಡಿ ಇರ್ತೀನಿ" ಎಂದರು. ನಾನು ಮರ್ಯಾದೆಗೆ 'ದೇವರ ಚಿತ್ತ' ಎಂದಷ್ಟೇ ಬರೆದೆ. ದಿನಾಂಕವು ಸರಿಯಾದ ಮಾದರಿಯಲ್ಲಿಲ್ಲ ಎಂದು ಷರಾ ಬರೆಸಿಕೊಂಡು ನಮೂನೆ ತಿರುಗಿ ಬಂತು. ದೇವರ ಚಿತ್ತವನ್ನು ಯಾವ ಮಾದರಿಯಲ್ಲಿ ಬರೆಯಬೇಕು ಎಂದು ತಮ್ಮವರು ಹೇಳಿಕೊಟ್ಟರೆ ನನಗೆ ಪ್ರಾರ್ಥನೆಗೂ ಅನುಕೂಲವಾದೀತು.

ಆದರೆ ನಿಜವಾಗಿ ನಮ್ಮನ್ನು ಕೆಡವಿದ್ದು ಅದರ ಹಿಂದಿನ ಪುಟ. ಎರಡನೆಯ ಕಂತು ಬರಬೇಕಾದರೆ ಕೂಟದ ಸದಸ್ಯರೂ ಕೈಯಾರೆ ಇಂತಿಷ್ಟು ಸಮುದಾಯ ಸೇವೆ ಮಾಡಿರಬೇಕು, ಆದರೆ "ಸ್ವಂತ ಕುಟುಂಬದವರಿಗೆ ಮಾಡುವ ಆರೈಕೆಯನ್ನು ಸೇವೆಯೆಂದು ಪರಿಗಣಿಸತಕ್ಕದ್ದಲ್ಲ" ಎಂದು ಅಲ್ಲಿತ್ತು. ಓದಿ ನನಗೆ ಜ್ಞಾನೋದಯವಾಯಿತು. ಇಷ್ಟು ಕಾಲ ಅತ್ತೆಯ ಮಗ್ಗುಲು ತಿರುಗಿಸುವಾಗ, ಬೆನ್ನಿಗೆ ಹುಣ್ಣಾಗದ ಹಾಗೆ ಎಣ್ಣೆ ಸವರುವಾಗ, ನಾನು ಏನೋ ಕೆಲಸ ಮಾಡುತ್ತಿದ್ದೇನೆ ಎಂಬ ಭ್ರಮೆಯಲ್ಲಿದ್ದೆ. ಅದು ಬರೀ ಹೊತ್ತು ಕಳೆಯುವ ಚಟ ಎಂದು ತಿಳಿಸಿಕೊಟ್ಟಿದ್ದಕ್ಕೆ ಕೃತಜ್ಞಳಾಗಿದ್ದೇನೆ. ನನ್ನ ಹಾಗೆಯೇ ಪಕ್ಕದ ಮನೆಯ ಹೊಲಿಗೆಯವಳಿಗೂ ಈ ಚಟವಿದೆ. ಅವಳ ಅಪ್ಪ ಬಸ್ಸಿನ ಕಂಡಕ್ಟರಾಗಿದ್ದವರು. ಕಾಲು ಗಟ್ಟಿ, ನೆನಪು ಮಾತ್ರ ಹರಿದುಹೋಗಿದೆ. ಮಗಳ ಗುರುತು ಕೆಲವು ದಿನ ಸಿಗುತ್ತದೆ, ಕೆಲವು ದಿನ ಇಲ್ಲ. ಆದರೆ ಎದುರಿಗೆ ಬಂದವರೆಲ್ಲರೂ ಟಿಕೆಟ್ ತೆಗೆದುಕೊಳ್ಳಬೇಕು ಎಂಬುದು ಒಂದು ದಿನವೂ ಮರೆತಿಲ್ಲ.

ನಮ್ಮ ಮುಖ ನೋಡಿ ತಮ್ಮ ಕಚೇರಿಯ ಗುಮಾಸ್ತರಿಗೆ ಕನಿಕರ ಬಂತು. ಒಳ್ಳೆಯ ಮನುಷ್ಯ, ಅವರ ಮೇಲೆ ತಾವು ಕೋಪ ಮಾಡಬಾರದು. "ಅಮ್ಮಾ, ಇದಕ್ಯಾಕೆ ತಲೆ ಕೆಡಿಸ್ಕೊಳ್ತೀರಾ? ನಿಮ್ಮತ್ತೆನ ಅವರು ನೋಡ್ಕೊಳ್ತಾರೆ, ಅವರಪ್ಪನ್ನ ನೀವು ನೋಡ್ಕೊಳ್ತೀರಾ ಅಂತ ಬರ್ಕೊಡಿ. ಯಾರು ಬಂದು ನೋಡ್ತಾರೆ?" ಎಂದು ಪಿಸುಗುಟ್ಟಿದರು. ನಾವು ಹಾಗೆಯೇ ಬರೆದೆವು, ಸಹಿ ಹಾಕಿ ಕೊಟ್ಟು ಬಂದೆವು. ಮನೆಗೆ ಬಂದು ದೀಪ ಹಚ್ಚಲು ಹೋದರೆ ಕೈ ಏಳಲಿಲ್ಲ. ಯಾರು ಬಂದು ನೋಡುತ್ತಾರೆ ಎಂದು ಅವರು ಕೇಳಿದ್ದರಲ್ಲ, ನೋಡುವವನು ಎದುರಿಗೇ ಕೂತಿದ್ದ. ಬರೆದುಕೊಟ್ಟದ್ದನ್ನು ಹಿಂದಕ್ಕೆ ತರಲಾಗದು. ಉಳಿದದ್ದು ಒಂದೇ ದಾರಿ, ಬರೆದದ್ದನ್ನು ನಿಜ ಮಾಡುವುದು.

ಹೊಲಿಗೆಯವಳಿಗೆ ಇದನ್ನು ಹೇಳಿದಾಗ ಅವಳು ಬಾಯಲ್ಲಿದ್ದ ಗುಂಡುಸೂಜಿಗಳನ್ನು ಒಂದೊಂದಾಗಿ ತೆಗೆದಿಟ್ಟು, "ಅಕ್ಕಾ, ನಿಂಗೇನಾದ್ರೂ ಹುಚ್ಚೇ? ಬರೆದ್ರೆ ಸಾಕು ಅಂತ ಅವರೇ ಹೇಳಿದ್ರಲ್ಲ!" ಎಂದು ಕೂಗಿದಳು. ಆಮೇಲೆ ಅಪ್ಪನ ಕಡೆ ನೋಡಿದಳು, ಅವರು ಹೊಲಿಗೆ ಯಂತ್ರದಿಂದ ಚಿಲ್ಲರೆ ಕೇಳುತ್ತಿದ್ದರು. "ಹೋಗ್ಲಿ, ಕರ್ಕೊಂಡು ಹೋಗು. ನಿನ್ನ ಮಾತಾದ್ರೂ ಕೇಳ್ತಾರೇನೋ ನೋಡೋಣ" ಎಂದಳು. ಹೀಗೆ, ಮಾನ್ಯರೇ, ತಮ್ಮ ನಿಯಮಕ್ಕೆ ತಲೆಬಾಗಿ, ಹಗಲು ಹೊತ್ತಿನಲ್ಲಿ, ಬೀದಿಯವರೆಲ್ಲ ನೋಡುತ್ತಿರುವಾಗ ನಾವು ಹಿರಿಯರನ್ನು ಅದಲು ಬದಲು ಮಾಡಿಕೊಂಡೆವು. ಅತ್ತೆಯನ್ನು ಕುರ್ಚಿಯಲ್ಲಿ ಕೂರಿಸಿ ನಮ್ಮ ಯಜಮಾನರು ಒಂದು ಕಡೆ, ಪೈಲ್ವಾನಮ್ಮ ಇನ್ನೊಂದು ಕಡೆ ಹಿಡಿದು ಹೊತ್ತೊಯ್ದರು. ಅತ್ತೆ ಮೆರವಣಿಗೆಯಲ್ಲಿ ಹೋಗುವವರ ಹಾಗೆ ಬಲಗೈ ಎತ್ತಿ, "ನೋಡ್ರಪ್ಪಾ, ಈ ವಯಸ್ಸಿನಲ್ಲಿ ನನ್ನ ಸೊಸೆ ನನ್ನನ್ನ ತವರಿಗೆ ಕಳಿಸ್ತಿದ್ದಾಳೆ" ಎಂದು ಎರಡೂ ಸಾಲಿನ ಮನೆಯವರಿಗೆ ಹೇಳಿಕೊಂಡು ಹೋದರು. ನಾನು ದಿಂಬು ಹಿಡಿದು ಹಿಂದೆ ನಡೆದೆ. ಭೂಮಿ ಬಾಯಿಬಿಡಬಾರದೇ ಎನ್ನಿಸಿತು.

ಈ ಅದಲು ಬದಲಿನಿಂದ ಆದ ಲಾಭಗಳನ್ನೂ ಹೇಳಬೇಕು. ಮಗಳು ಕರೆದರೆ ಸ್ನಾನಕ್ಕೆ ಏಳದ ಕಂಡಕ್ಟರ್ ಮಾವ, ನಾನು "ಮುಂದಿನ ಸ್ಟಾಪ್ ಬಚ್ಚಲುಮನೆ" ಎಂದು ಕೂಗಿದರೆ ಟವಲು ಹೆಗಲಿಗೆ ಹಾಕಿಕೊಂಡು ತಾವೇ ಹೊರಡುತ್ತಿದ್ದರು. ನಮ್ಮ ಮನೆಯಲ್ಲಿ ಗಂಜಿಗೆ ಉಪ್ಪು ಹೆಚ್ಚಾಯಿತು, ಕಡಿಮೆಯಾಯಿತು, ಸರಿಯಾಗಿದ್ದರೆ ಬಿಸಿ ಸಾಲದು ಎಂದು ಮೂಗು ಮುರಿಯುತ್ತಿದ್ದ ಅತ್ತೆ, ಹೊಲಿಗೆಯವಳು ಕೆಲಸದ ಗಡಿಬಿಡಿಯಲ್ಲಿ ಉಪ್ಪೇ ಹಾಕದೆ ಕೊಟ್ಟ ಗಂಜಿಯನ್ನು ಕೊನೆಯ ತೊಟ್ಟಿನವರೆಗೂ ಕುಡಿದು "ಎಷ್ಟು ರುಚಿಯಾಗಿದೆಯಮ್ಮಾ" ಎಂದರಂತೆ. ಅದನ್ನು ಅವಳು ಬಂದು ನನಗೆ ಹೇಳಿದಳು. ಹೇಳಬೇಕಾದ ಅಗತ್ಯವೇನೂ ಇರಲಿಲ್ಲ.

ಮನೆ ಮಾತ್ರ ಬಣಗುಟ್ಟಿತು. ತಪ್ಪು ಹಿಡಿಯುವವರಿಲ್ಲದೆ ಅಡುಗೆ ಮಾಡುವುದು ಎಷ್ಟು ಕಷ್ಟ ಎಂದು ತಮ್ಮ ವಿಭಾಗದವರು ಯಾರಾದರೂ ಅಧ್ಯಯನ ಮಾಡಬೇಕು. ಉಪ್ಪು ಸರಿಯಾಗಿದೆಯೋ ಇಲ್ಲವೋ ನನಗೇ ಗೊತ್ತಾಗುತ್ತಿರಲಿಲ್ಲ. ಎರಡು ಮನೆಗಳ ನಡುವೆ ಇರುವುದು ಒಂದೇ ಗೋಡೆ. ಅದು ಮೊದಲು ತೆಳ್ಳಗಿತ್ತು, ಹೊಲಿಗೆ ಯಂತ್ರದ ಸದ್ದಿಗೆ ನಿದ್ದೆ ಬರುವುದಿಲ್ಲ ಎಂದು ಹಟ ಹಿಡಿದು ಅತ್ತೆಯೇ ಮಗನ ಕೈಯಲ್ಲಿ ಅದರ ಮೇಲೆ ಇನ್ನೊಂದು ವರಸೆ ಇಟ್ಟಿಗೆ ಕಟ್ಟಿಸಿದ್ದರು. ಈಗ ಆ ದಪ್ಪ ಗೋಡೆಯ ಆಚೆಯಿಂದ, ಅತ್ತೆ ಬಲಗೈಯಲ್ಲಿ ಬಡಿಯುವ ಊರುಗೋಲಿನ ಸದ್ದು ಬರತೊಡಗಿತು. ನಮ್ಮ ಕಡೆ ಪಾತ್ರೆಯ ಸದ್ದು ನಿಂತರೆ ಟಕ್ ಟಕ್. ನಾನು ಯಾರ ಜೊತೆಗಾದರೂ ಹೆಚ್ಚು ಹೊತ್ತು ಮಾತಾಡಿದರೆ ಟಕ್ ಟಕ್. ನನ್ನ ಉಪವಾಸದ ದಿನವಂತೂ ಬೆಳಿಗ್ಗೆಯಿಂದ ಸಂಜೆಯವರೆಗೆ ಬಿಟ್ಟು ಬಿಟ್ಟು ಟಕ್ ಟಕ್. ಏನೆಂದು ಓಡಿಹೋಗಿ ಕೇಳಿದರೆ "ಏನಿಲ್ಲ, ನೀರಾದ್ರೂ ಕುಡಿದ್ಯೋ ಇಲ್ವೋ ಅಂತ. ಬಿದ್ದುಗಿದ್ದು ಹೋದ್ರೆ ನನ್ನ ಮಗನಿಗೆ ಯಾರು ಗತಿ" ಎನ್ನುತ್ತಿದ್ದರು. ಆ ಸದ್ದು ಕೇಳಿದಾಗಲೆಲ್ಲ ಇತ್ತ ಕಂಡಕ್ಟರ್ ಮಾವ ಎದ್ದು ನಿಂತು, "ಹೋಲ್ಡಾನ್! ಹಿಂದೆ ಇಳಿಯೋರಿದ್ದಾರೆ, ನಿಲ್ಸಪ್ಪಾ!" ಎಂದು ಕೂಗುತ್ತಿದ್ದರು.

ಹೀಗಿರುವಾಗ ತಮ್ಮ ತಪಾಸಣೆಯ ಸಾಹೇಬರು ಬಂದರು. ಯಾರು ಬಂದು ನೋಡುತ್ತಾರೆ ಎಂದವರ ಮಾತಿಗೆ ವಿರುದ್ಧವಾಗಿ ಬಂದೇಬಿಟ್ಟರು, ಅದೂ ನಗುಮುಖದಿಂದ. ಬಾಗಿಲಲ್ಲೇ ಕಂಡಕ್ಟರ್ ಮಾವ ತಡೆದು ಎಲ್ಲಿಗೆ ಎಂದು ಕೇಳಿದರು. "ತಪಾಸಣೆಗೆ" ಎಂದರು ಸಾಹೇಬರು. "ಆ ಸ್ಟಾಪು ಈ ಗಾಡಿಗಿಲ್ಲ, ಇಳೀರಿ" ಎಂದರು ಮಾವ. ನಾನು ನಾಚಿಕೊಂಡು "ಮಾವ, ಸುಮ್ನಿರಿ" ಎಂದೆ. ಅದೇ ತಪ್ಪಾಯಿತು. ಸಾಹೇಬರು ಪೆನ್ನು ತೆಗೆದು, "ಮಾವ ಅಂದ್ರಲ್ಲ, ಹಾಗಾದ್ರೆ ಇವರು ಸಂಬಂಧಿಕರೇ ಆಯ್ತಲ್ಲ?" ಎಂದು ಬರೆದುಕೊಂಡರು. ಈ ಬೀದಿಯಲ್ಲಿ ಹಾಲಿನವನು ಅಣ್ಣ, ಹೊಲಿಗೆಯವಳಿಗೆ ನಾನು ಅಕ್ಕ, ಮೂಲೆಮನೆಯವರು ದೊಡ್ಡಮ್ಮ, ಸಾಹೇಬರಿಗೆ ಕುಡಿಯಲು ನೀರು ತಂದ ಮಗು ನನ್ನನ್ನು ಕರೆಯುವುದು ಅಜ್ಜಿ ಎಂದು. ಸಂಬಂಧವಿಲ್ಲದವರನ್ನು ನಾನು ಎಲ್ಲಿಂದ ಹುಡುಕಿ ತರಲಿ?

ಆಮೇಲೆ ಅವರು ಅತ್ತೆ ಎಲ್ಲಿ ಎಂದರು. ಪಕ್ಕದ ಮನೆಯಲ್ಲಿ ಎಂದೆ, ಬರೆದುಕೊಟ್ಟ ಹಾಗೆಯೇ ನಡೆದುಕೊಂಡಿದ್ದೇವೆ ಎಂಬ ಹೆಮ್ಮೆಯಿಂದಲೇ ಎಂದೆ. ಸಾಹೇಬರ ನಗು ಇಳಿಯಿತು. ಬರೆದದ್ದನ್ನು ಯಾರಾದರೂ ಮಾಡುತ್ತಾರೆ ಎಂದು ಅವರು ನಿರೀಕ್ಷಿಸಿರಲಿಲ್ಲವೆಂದು ಕಾಣುತ್ತದೆ. "ಅಲ್ಲಮ್ಮಾ, ಇದು ಅವರವರ ಮನೇಲೇ ಇಟ್ಟು ನೋಡ್ಕೊಳ್ಳೋ ಯೋಜನೆ. ನಿಮ್ಮತ್ತೆ ಮನೇಲೇ ಇಲ್ಲ ಅಂದ್ರೆ ಹೇಗೆ?" ಎಂದರು. ಬೇರೆಯವರ ಮನೆಯಲ್ಲಿ ಮಲಗಿಸಿ ನೋಡಿಕೊಂಡರೆ ಅದು ವಸತಿ ಸಂಸ್ಥೆಯಾಗುತ್ತದಂತೆ; ಅದಕ್ಕೆ ಬೆಂಕಿ ಆರಿಸುವ ಸಾಮಾನು, ಇನ್ನೊಂದು ಮೆಟ್ಟಿಲು, ಆಂಬುಲೆನ್ಸ್ ತಿರುಗುವಷ್ಟು ಅಂಗಳ ಬೇಕಂತೆ. ಹೊಲಿಗೆಯವಳ ಮನೆಯಲ್ಲಿ ಆಂಬುಲೆನ್ಸ್ ಇರಲಿ, ಇಬ್ಬರು ಎದುರಾದರೆ ಒಬ್ಬರು ಹಿಂದಕ್ಕೆ ಸರಿಯಬೇಕು. ಅಂದರೆ, ನನ್ನ ಮನೆಯಲ್ಲಿ ನಾನು ನೋಡಿಕೊಂಡರೆ ಸೇವೆಯಲ್ಲ, ಅವಳ ಮನೆಯಲ್ಲಿ ಅವಳು ನೋಡಿಕೊಂಡರೆ ಮನೆಯಲ್ಲ. ಇಷ್ಟು ಸೂಕ್ಷ್ಮವಾಗಿ ನೂಲು ತೆಗೆಯುವವರು ತಮ್ಮ ಕಚೇರಿಯಲ್ಲಿದ್ದಾರೆಂದು ತಿಳಿದು ಹೊಲಿಗೆಯವಳು ಅಂಥವರನ್ನು ಕಾಜಾ ಹೊಲಿಯಲು ಕೂಡಲೇ ಕೆಲಸಕ್ಕೆ ಇಟ್ಟುಕೊಳ್ಳುತ್ತೇನೆ ಎಂದಿದ್ದಾಳೆ. ಅವಳ ಪರವಾಗಿ ಇದನ್ನು ತಿಳಿಸಿದ್ದೇನೆ.

ಮುಂದಿನದು ಆ ನೋಟೀಸು. ಅದಲು ಬದಲಿಗೆ ಕಾರಣವೇನೆಂದು ಬರೆದು, ಉತ್ತರವನ್ನು ಖುದ್ದಾಗಿ, ಫಲಾನುಭವಿಗಳ ಸಮೇತ, ಮೂರನೆಯ ಮಹಡಿಗೆ ತಂದೊಪ್ಪಿಸಬೇಕೆಂದು ಅದರಲ್ಲಿದೆ. ಅತ್ತೆ ಮೂರು ಮಹಡಿ ಹತ್ತಿ ಬಂದು, ತಾನು ನಡೆಯಲಾರೆ ಎಂಬುದನ್ನು ತಮ್ಮೆದುರು ರುಜುವಾತು ಮಾಡಬೇಕು. ಕಂಡಕ್ಟರ್ ಮಾವನನ್ನು ಕರೆತರುವುದು ಸುಲಭ, ಆದರೆ ಒಮ್ಮೆ ಬಂದರೆ ತಮ್ಮ ಇಡೀ ಮಹಡಿ ಟಿಕೆಟ್ ತೆಗೆದುಕೊಳ್ಳುವವರೆಗೆ ಅವರು ಹೊರಡುವುದಿಲ್ಲ.

ಇಲ್ಲಿಯವರೆಗೆ ಬರೆದದ್ದರಲ್ಲಿ ನಗು ಇತ್ತು, ಇನ್ನು ಸ್ವಲ್ಪ ಕಡಿಮೆಯಾಗುತ್ತದೆ, ಕ್ಷಮಿಸಬೇಕು. ತಾವು ಬಾರದೆ ಹೋದ ಮೇಲೆ ಪೈಲ್ವಾನಮ್ಮನಿಗೆ ಬೀದಿಯವರೇ ಕೈಲಾದದ್ದನ್ನು ಕೂಡಿಸಿ ಕೊಡುತ್ತಾ ಬಂದೆವು. ಈಗ ಎಲ್ಲರ ಕೈಯೂ ಬರಿದಾಗಿದೆ. ಅವಳಿಗೆ ದೊಡ್ಡಾಸ್ಪತ್ರೆಯಿಂದ ಕೆಲಸಕ್ಕೆ ಕರೆ ಬಂದಿದೆ, ಈ ತಿಂಗಳ ಕೊನೆಯೊಳಗೆ ಬರುತ್ತೇನೋ ಇಲ್ಲವೋ ಎಂದು ತಿಳಿಸಬೇಕಂತೆ. ಅವಳು ಅತ್ತೆಯ ಹತ್ತಿರ ಕೂತು, "ಅಮ್ಮಾ, ಏನ್ ಮಾಡ್ಲಿ, ನಂಗೂ ಮನೆ ಅಂತ ಇದೆ" ಎಂದು ಕಣ್ಣೊರೆಸಿಕೊಂಡಳು. ಅತ್ತೆ ಅವಳ ಕೈ ತಟ್ಟಿ, "ಹೋಗ್ಬೇಡ ಅಂತ ನಾನ್ಯಾಕೆ ಹೇಳ್ಲಿ? ಹೋಗು. ಆದ್ರೆ ನನ್ನನ್ನ ಮಲಗಿಸಿ ಹೋಗ್ಬೇಡ, ನಿಲ್ಲಿಸಿ ಹೋಗು" ಎಂದರು. ಅವಳು ಹೋದರೆ ಅತ್ತೆಯನ್ನು ನಿಲ್ಲಿಸಲು ನಮ್ಮಿಂದಾಗದು. ಮಲಗಿದವರ ಬೆನ್ನು ಹುಣ್ಣಾದರೆ ದೂರದ ವಾರ್ಡೇ ಗತಿ. ಆ ವಾರ್ಡನ್ನು ನಾನು ನೋಡಿ ಬಂದಿದ್ದೇನೆ, ಚೊಕ್ಕಟವಾಗಿದೆ. ಅಲ್ಲಿಯ ಕಿಟಕಿಗಳು ತಲೆಗಿಂತ ಮೇಲಿವೆ. ಬೆಳಕು ಬರುತ್ತದೆ, ಬೀದಿ ಕಾಣುವುದಿಲ್ಲ.

ನೋಟೀಸು ಬಂದ ದಿನ ನಮ್ಮ ಯಜಮಾನರು ಊಟಕ್ಕೆ ಕೂತಿದ್ದರು. ನಾನು ಓದಿ ಮುಗಿಸಿದೆ. ಅವರು ಗಾರೆ ಕೆಲಸದವರು, ಮಾತಿನ ಕೆಲಸವನ್ನು ತಾಯಿಗೆ ಬಿಟ್ಟುಕೊಟ್ಟವರು. ಅಷ್ಟರಲ್ಲಿ ಗೋಡೆಯಾಚೆಯಿಂದ ಟಕ್ ಟಕ್ ಎಂದಿತು. ಕಂಡಕ್ಟರ್ ಮಾವ ತಟ್ಟೆ ಬಿಟ್ಟು ಎದ್ದರು. ಆದರೆ ಈ ಸಲ ಕೂಗಲಿಲ್ಲ, ನಮ್ಮ ಯಜಮಾನರ ಹತ್ತಿರ ಬಂದು ಬಗ್ಗಿ, ಡ್ರೈವರನಿಗೆ ಹೇಳುವ ಹಾಗೆ ಮೆಲ್ಲಗೆ, "ಆಗ್ಲಿಂದ ಬಡೀತಾ ಇದ್ದಾರಪ್ಪಾ ಪಾಪ. ಅವರ ಮನೆ ಬಂತು, ಇಳಿಸಿಬಿಡು" ಎಂದರು. ಯಜಮಾನರು ಕೈ ತೊಳೆದು, ಸುತ್ತಿಗೆ ಉಳಿ ತೆಗೆದುಕೊಂಡು ಗೋಡೆಯ ಮುಂದೆ ನಿಂತರು. ಒಂದೇ ಮಾತು ಕೇಳಿದರು, ಗೋಡೆಗೆ ಬಾಯಿ ಹಚ್ಚಿ: "ಅಮ್ಮಾ, ಒಡೀಲಾ?" ಆಚೆಯಿಂದ ಅತ್ತೆಯ ದನಿ ಕೇಳಿಸಿತು, "ಕಟ್ಟುವಾಗ ಕೇಳಿದ್ಯಾ? ಒಡಿಯೋ." ಕಟ್ಟುವಾಗ ಹೇಳಿದವರೇ ಅವರು, ಆದರೆ ಅದನ್ನು ನೆನಪಿಸುವ ಧೈರ್ಯ ನಮ್ಮಲ್ಲಿ ಯಾರಿಗೂ ಇರಲಿಲ್ಲ.

ಆದ್ದರಿಂದ, ಮಾನ್ಯರೇ, ತಮ್ಮ ನೋಟೀಸಿಗೆ ನಮ್ಮ ಉತ್ತರ ಈಗ ಇಟ್ಟಿಗೆಯಲ್ಲೇ ಇದೆ. ಎರಡು ಮನೆಗಳ ನಡುವಿನ ಗೋಡೆಯಲ್ಲಿ ಮಂಚವೂ ಪಕ್ಕದಲ್ಲಿ ಒಬ್ಬರೂ ಹಿಡಿಸುವಷ್ಟು ಅಗಲದ ಬಾಗಿಲು ಬಿಟ್ಟು, ಅದರ ನಟ್ಟನಡುವೆ ಅತ್ತೆಯ ಮಂಚ ಹಾಕಿದ್ದೇವೆ. ಅವರ ತಲೆ ನಮ್ಮ ಮನೆಯಲ್ಲಿದೆ, ಕಾಲು ಹೊಲಿಗೆಯವಳ ಮನೆಯಲ್ಲಿದೆ. ಆರೈಕೆ ಬೇಕಾದ ಭಾಗವನ್ನು ಸಂಬಂಧಿಕಳಲ್ಲದವಳು ನೋಡಿಕೊಳ್ಳುತ್ತಾಳೆ, ಆದ್ದರಿಂದ ಅದು ಸೇವೆ. ತಲೆ ಸ್ವಂತ ಮನೆಯಲ್ಲೇ ಇದೆ, ಆದ್ದರಿಂದ ಅದು ಮನೆ. ತಲೆಗೆ ನಾನು ಮಾಡುವ ಬಾಚುವುದು, ಗಂಜಿ ಕುಡಿಸುವುದು, ಬೈಸಿಕೊಳ್ಳುವುದು, ಇವನ್ನು ದಯವಿಟ್ಟು ಲೆಕ್ಕಕ್ಕೆ ಹಿಡಿಯಬೇಡಿ, ಅವು ನನ್ನ ಚಟ. ಬೆಳಿಗ್ಗೆ ಪೈಲ್ವಾನಮ್ಮ ಎಬ್ಬಿಸಿ ನಿಲ್ಲಿಸುವಾಗ ಮಾತ್ರ ಅತ್ತೆ ಪೂರ್ತಿಯಾಗಿ ಹೊಲಿಗೆಯವಳ ಕಿಟಕಿಯ ಹತ್ತಿರ ಹೋಗುತ್ತಾರೆ. ಉಪವಾಸದ ದಿನವಾದ್ದರಿಂದ ಇದನ್ನು ಮುಚ್ಚಿಡುವುದಿಲ್ಲ. ಯಂತ್ರದ ಸದ್ದು ಈಗ ಅಡ್ಡಿಯಿಲ್ಲದೆ ಅವರ ಕಾಲಿನ ಹತ್ತಿರವೇ ಕೇಳುತ್ತದೆ, ಅದಿಲ್ಲದೆ ನಿದ್ದೆ ಬರುವುದಿಲ್ಲವಂತೆ. ಕಂಡಕ್ಟರ್ ಮಾವನಿಗೆ ಬಾಗಿಲು ಸಿಕ್ಕಿದ್ದು ಎಲ್ಲಕ್ಕಿಂತ ಖುಷಿ. ಎರಡು ಮನೆಯ ನಡುವೆ ನಿಂತು "ಒಳಗೆ ನಡೀರಿ, ಒಳಗೆ ಜಾಗ ಇದೆ" ಎಂದು ದಿನವಿಡೀ ಡ್ಯೂಟಿ ಮಾಡುತ್ತಿದ್ದಾರೆ.

ಇನ್ನು ನನ್ನ ಬೇಡಿಕೆಗಳು, ದೊಡ್ಡವೇನಲ್ಲ. ಮೂರನೆಯ ಮಹಡಿಯನ್ನು ದಯಮಾಡಿ ನೆಲಕ್ಕೆ ಇಳಿಸಿ, ಆಗದಿದ್ದರೆ ನಮ್ಮ ಬೀದಿಯನ್ನು ಅಷ್ಟು ಎತ್ತರಕ್ಕೆ ಏರಿಸಿ. ಹಗಲು ಹೊತ್ತು ನಾನು ಅತ್ತೆಗೆ ಯಾವ ರೀತಿಯಲ್ಲೂ ಸಂಬಂಧಪಟ್ಟವಳಲ್ಲ ಎಂದು ಒಂದು ಆದೇಶ ಹೊರಡಿಸಿ. ಸಂಜೆ ದೀಪ ಹಚ್ಚುವ ಹೊತ್ತಿಗೆ ಮತ್ತೆ ಸೊಸೆಯಾಗುತ್ತೇನೆ, ಆದರೆ ಹಗಲಿನಲ್ಲೂ ನನ್ನನ್ನು ಬೈಯುವ ಅತ್ತೆಯ ಹಕ್ಕಿಗೆ ಆ ಆದೇಶದಿಂದ ಚ್ಯುತಿ ಬರಬಾರದು. ಅಗತ್ಯ ಮುಗಿಯುವ ದಿನಾಂಕದ ಬಗ್ಗೆ ತಾವೂ ದೇವರೂ ಮಾತಾಡಿಕೊಂಡು ಒಂದು ತೀರ್ಮಾನಕ್ಕೆ ಬನ್ನಿ. ಇಬ್ಬರೂ ಮೇಲೆಯೇ ಇರುವವರು, ಇಬ್ಬರೂ ಕಣ್ಣಿಗೆ ಕಾಣದವರು, ಪರಿಚಯ ಇದ್ದೇ ಇರುತ್ತದೆ. ದೇವರಾದರೋ ಕರೆದಾಗ ಒಮ್ಮೊಮ್ಮೆ ಬರುತ್ತಾನೆ ಎಂಬ ಒಂದು ವ್ಯತ್ಯಾಸ ಬಿಟ್ಟರೆ. ಇದೆಲ್ಲ ಕಷ್ಟವಾದರೆ ಎಲ್ಲವನ್ನೂ ಬಿಡಿ, ಪೈಲ್ವಾನಮ್ಮ ಒಬ್ಬಳನ್ನು ನಮಗೆ ಉಳಿಸಿಕೊಡಿ. ಉಳಿದದ್ದನ್ನು ನಾವು ಗೋಡೆ ಒಡೆದಾದರೂ ನೋಡಿಕೊಳ್ಳುತ್ತೇವೆ.

ಬರೆದು ಕೈ ಸೋತಿದೆ, ಹಿಂದಿನಿಂದ ಅತ್ತೆ ಊರುಗೋಲಿನಲ್ಲಿ ನನ್ನ ಕುರ್ಚಿಯನ್ನೇ ತಟ್ಟುತ್ತಿದ್ದಾರೆ. ನೀರು ಕುಡಿ ಎಂದು ಅರ್ಥ. ಗೋಡೆ ಇಲ್ಲದ್ದರಿಂದ ಈಗ ಕೇಳಿಸಲಿಲ್ಲ ಎನ್ನುವ ಹಾಗೂ ಇಲ್ಲ.

ತಾವು ಬರುವ ದಾರಿಯನ್ನು ಎರಡು ಬಾಗಿಲಿನಿಂದಲೂ ಕಾಯುತ್ತಿರುವ,
ತಮ್ಮ ವಿಶ್ವಾಸಿ,
ಕಾರ್ಯದರ್ಶಿ, ಬೀದಿ ಆರೈಕೆ ಕೂಟ
(ಅತ್ತೆಯ ಪರವಾಗಿಯೂ, ಅವರ ಬಲಗೈ ಹೆಬ್ಬೆಟ್ಟನ್ನು ಪಕ್ಕದಲ್ಲಿ ಒತ್ತಿಸಿದ್ದೇನೆ. ಹೆಬ್ಬೆಟ್ಟು ಇರುವುದು ನಮ್ಮ ಮನೆಯ ಕಡೆ.)

ಮರೆತಿದ್ದ ಮಾತು: ನೋಟೀಸಿನ ಉತ್ತರದ ಸಹಿಯಾದ ಪ್ರತಿಯನ್ನು ಖುದ್ದಾಗಿ ತರಲು ನನಗೆ ಆಗುವುದಿಲ್ಲ, ನಾನು ಹೊರಟರೆ ಒಂದು ತಲೆಗೆ ಮತ್ತು ಒಬ್ಬ ಕಂಡಕ್ಟರಿಗೆ ಯಾರೂ ಇರುವುದಿಲ್ಲ. ಅದನ್ನು ಅತ್ತೆಯ ದಿಂಬಿನ ಕೆಳಗೆ ಇಟ್ಟಿದ್ದೇನೆ, ಯಾರನ್ನಾದರೂ ಕಳಿಸಿ ತರಿಸಿಕೊಳ್ಳಿ. ಬರುವವರು ಬಾಗಿಲಲ್ಲಿ ಟಿಕೆಟ್ ತೆಗೆದುಕೊಳ್ಳಬೇಕು, ಸರ್ಕಾರಿ ಪಾಸು ನಡೆಯುವುದಿಲ್ಲ. ಈ ತಿಂಗಳು ಮುಗಿಯುವ ಮೊದಲು, ಬೆಳಗಿನ ಹೊತ್ತು ಬಂದರೆ ಅತ್ತೆ ಅವರನ್ನು ಕಿಟಕಿಯಲ್ಲಿ ನಿಂತುಕೊಂಡೇ ಬರಮಾಡಿಕೊಳ್ಳುತ್ತಾರೆ. ತಡವಾಗಿ ಬಂದರೂ ಸ್ವಾಗತವೇ. ಆದರೆ ಇಷ್ಟು ದೊಡ್ಡ ಕಚೇರಿಯವರು ಬಂದಾಗ ಮುದುಕಿ ಎದ್ದು ನಿಂತು ಮರ್ಯಾದೆ ಕೊಡಲಿಲ್ಲ ಎಂದು ಆಗ ಇನ್ನೊಂದು ನೋಟೀಸು ಕಳಿಸಬಾರದು.